ಗಂಟು ಕಟ್ಟುವ ‘ಟಾರ್’: ಹೊಸದೇನು, ರಿಪೇರಿ ಏನು?

ಬಾಡಿಗೆ ಮನೆ ಬದಲಿಸಿದವರಿಗೆಲ್ಲ ಗೊತ್ತಿರುವ ಸಂಗತಿ ಇದು. ಅಡುಗೆ ಮನೆಯ ಡಬ್ಬಿ, ಲೋಟ, ಸೌಟುಗಳನ್ನು ಬಿಡಿಬಿಡಿಯಾಗಿ ಲಾರಿಗೆ ಹಾಕಿದರೆ ಹೊಸ ಮನೆ ತಲುಪುವ ಹೊತ್ತಿಗೆ ಒಂದಷ್ಟು ಕಳೆದಿರುತ್ತವೆ, ಒಂದಷ್ಟು ನೆಗ್ಗಿರುತ್ತವೆ. ಅದಕ್ಕೇ ಮನೆಯ ಹಿರಿಯರು ಎಲ್ಲವನ್ನೂ ರಟ್ಟಿನ ಪೆಟ್ಟಿಗೆಗೆ ತುಂಬಿ, ಹಗ್ಗ ಬಿಗಿದು, ಮೇಲೊಂದು ಚೀಟಿ ಅಂಟಿಸುತ್ತಾರೆ. ‘ಸ್ಟೀಲ್ ಡಬ್ಬಿ 12, ಲೋಟ 20, ಒಗ್ಗರಣೆ ಸೌಟು 2’ ಎಂದು ಆ ಚೀಟಿಯಲ್ಲಿ ಬರೆದಿರುತ್ತದೆ. ಪೆಟ್ಟಿಗೆ ಬಿಚ್ಚದೆಯೇ ಒಳಗೇನಿದೆ ಎಂಬುದು ತಿಳಿಯುತ್ತದೆ. ಬಿಚ್ಚಿದ ಮೇಲೆ ಎಣಿಸಿ ತಾಳೆ ನೋಡಲೂ ಬರುತ್ತದೆ.

ಗಣಕಯಂತ್ರದಲ್ಲಿ ಇಂಥದೇ ಕೆಲಸ ಮಾಡುವ ಒಂದು ತಂತ್ರಾಂಶವಿದೆ. ಅದರ ಹೆಸರು ‘ಟಾರ್’. ರಸ್ತೆಗೆ ಹಾಕುವ ಟಾರಿಗೂ ಇದಕ್ಕೂ ಸಂಬಂಧವಿಲ್ಲ. ‘ಟೇಪ್ ಆರ್ಕೈವ್’ ಎಂಬ ಎರಡು ಪದಗಳ ಮೊಟಕು ರೂಪ ಇದು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪುಗೊಂಡ ‘ಯುನಿಕ್ಸ್’ ವ್ಯವಸ್ಥೆಯ 7ನೇ ಆವೃತ್ತಿಯ ಜೊತೆಗೆ 1979ರಲ್ಲಿ ಟಾರ್ ಹೊರಬಂತು. ಆಗ ಗಣಕದ ಕಡತಗಳನ್ನು ಜೋಪಾನ ಮಾಡಲು ಹಾಡು ಕೇಳುವ ಕ್ಯಾಸೆಟ್‌ನಲ್ಲಿರುವಂಥ, ಆದರೆ ಅದಕ್ಕಿಂತ ಅಗಲವಾದ ಕಾಂತೀಯ ಸುರುಳಿ ಬಳಸುತ್ತಿದ್ದರು. ನೂರಾರು ಕಡತಗಳನ್ನು ಒಂದರ ಹಿಂದೆ ಒಂದು ಜೋಡಿಸಿ ಸುರುಳಿಯ ಮೇಲೆ ಬರೆಯುವುದು ಟಾರ್‌ನ ಕಸುಬಾಗಿತ್ತು. ಸುರುಳಿಗಳು ಬಹುಮಟ್ಟಿಗೆ ಮೂಲೆ ಸೇರಿದವು. ಟಾರ್ ಮಾತ್ರ ಉಳಿದುಕೊಂಡಿತು.

ಇದನ್ನು ನಡೆಸಲು ಚಿತ್ರಗಳೂ ಬೇಡ, ಮೌಸ್ ಕೂಡ ಬೇಡ. ಕಪ್ಪು ಪರದೆಯ ಮೇಲೆ ಒಂದು ಸಾಲು ಆದೇಶ ಟೈಪ್ ಮಾಡಿದರೆ ಸಾಕು. ‘ಸಿ’ ಅಕ್ಷರ ಬಳಸಿದರೆ ಗಂಟು ಕಟ್ಟುತ್ತದೆ, ‘ಎಕ್ಸ್’ ಬಳಸಿದರೆ ಗಂಟು ಬಿಚ್ಚುತ್ತದೆ, ‘ಟಿ’ ಬಳಸಿದರೆ ಬಿಚ್ಚದೆಯೇ ಒಳಗಿನ ಪಟ್ಟಿ ತೋರಿಸುತ್ತದೆ. ಲಿನಕ್ಸ್ ಇರುವ ಗಣಕಗಳಲ್ಲಿ ಸಾಮಾನ್ಯವಾಗಿ ಸಿಗುವುದು ‘ಗ್ನೂ ಟಾರ್’. 2018ರಿಂದ ವಿಂಡೋಸ್ 10ರಲ್ಲೂ ಟಾರ್‌ನ ಒಂದು ಪ್ರಭೇದವನ್ನು ಸೇರಿಸಲಾಗಿದೆ. ಹೀಗಾಗಿ ಮನೆಯ ಗಣಕದಲ್ಲಿ ಯಾರೂ ಮುಟ್ಟಿ ನೋಡದ ಈ ಉಪಕರಣ ಈಗಾಗಲೇ ಇರುವ ಸಂಭವವೇ ಹೆಚ್ಚು.

ಐವತ್ತು ವರ್ಷ ಸಮೀಪಿಸುತ್ತಿರುವ ಇಂಥದೊಂದು ಉಪಕರಣದಲ್ಲಿ ಹೊಸದಾಗಿ ಸೇರಿಸಲು ಏನಿದ್ದೀತು? ಸರಿಪಡಿಸಲು ಏನು ಉಳಿದೀತು? ಬಹಳಷ್ಟಿದೆ. ಪ್ರತಿ ಹೊಸ ಆವೃತ್ತಿಯ ಜೊತೆ ಬದಲಾವಣೆಗಳ ಪಟ್ಟಿಯೊಂದು ಬರುತ್ತದೆ. ಅದನ್ನು ಓದುವವರು ಕಡಿಮೆ. ಆದರೆ ಆ ಪಟ್ಟಿಯಲ್ಲಿ ಗಣಿತವೂ ಇದೆ, ಇತಿಹಾಸವೂ ಇದೆ, ಮನುಷ್ಯ ಸ್ವಭಾವವೂ ಇದೆ.

ಕಡತಕ್ಕೊಂದು ಚೀಟಿ

ಗಂಟಿನೊಳಗೆ ಸೇರುವ ಪ್ರತಿ ಕಡತದ ಮುಂದೆ ಟಾರ್ 512 ಬೈಟುಗಳ ಒಂದು ಚೀಟಿ ಇಡುತ್ತದೆ. ಅದರಲ್ಲಿ ಕಡತದ ಹೆಸರು, ಗಾತ್ರ, ಯಾವಾಗ ತಿದ್ದಿದ್ದು, ಯಾರಿಗೆ ಸೇರಿದ್ದು ಎಂಬ ವಿವರಗಳಿರುತ್ತವೆ. ಪ್ರತಿ ವಿವರಕ್ಕೂ ಇಷ್ಟೇ ಜಾಗ ಎಂದು ಗೊತ್ತುಮಾಡಲಾಗಿದೆ. ಹೆಸರಿಗೆ 100 ಬೈಟು. ಗಾತ್ರಕ್ಕೆ 12 ಬೈಟು. ಅದರಲ್ಲಿ 11 ಅಂಕಿ ಬರೆಯಬಹುದು.

ಆ ಅಂಕಿಗಳು ನಾವು ದಿನವೂ ಬಳಸುವ ದಶಮಾನ ಪದ್ಧತಿಯವಲ್ಲ, ಅಷ್ಟಮಾನ ಪದ್ಧತಿಯವು. ಅಂದರೆ 0ಯಿಂದ 7ರವರೆಗೆ ಎಂಟೇ ಅಂಕಿ. ಏಳಾದ ಮೇಲೆ ಹತ್ತು. 11 ಸ್ಥಾನಗಳಲ್ಲಿ ಬರೆಯಬಹುದಾದ ಒಟ್ಟು ಸಂಖ್ಯೆಗಳು 8ರ 11ನೇ ಘಾತದಷ್ಟು, ಅಂದರೆ 8,58,99,34,592. ಇದು 8 ಗಿಗಾಬೈಟಿಗೆ ಸಮ. 1979ರಲ್ಲಿ ಅಷ್ಟು ದೊಡ್ಡ ಕಡತವನ್ನು ಕನಸಿನಲ್ಲಿ ಕಂಡವರೂ ಇದ್ದಿರಲಾರರು. ಇಂದು ಮದುವೆಯ ವಿಡಿಯೊ ಒಂದೇ ಆ ಗಡಿ ದಾಟಿಬಿಡಬಹುದು.

ಹೆಸರಿನ ಜಾಗವೂ ಹಾಗೆಯೇ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಇಂದು ಎಲ್ಲೆಡೆ ಬಳಕೆಯಲ್ಲಿರುವ ‘ಯುಟಿಎಫ್-8’ ಸಂಕೇತ ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ ಮೂರು ಬೈಟು ಬೇಕು. ‘ವಿಜ್ಞಾನ’ ಎಂಬ ಪದ ನೋಡಿ. ವ, ಗುಡಿಸು, ಜ, ವಿರಾಮ ಚಿಹ್ನೆ, ಞ, ದೀರ್ಘದ ಚಿಹ್ನೆ, ನ ಎಂದು ಏಳು ಚಿಹ್ನೆಗಳು. ಏಳು ಮೂರಲ ಇಪ್ಪತ್ತೊಂದು ಬೈಟು! ನೂರು ಬೈಟುಗಳಲ್ಲಿ ಕನ್ನಡದ 33 ಚಿಹ್ನೆಗಳಷ್ಟೇ ಹಿಡಿಯುತ್ತವೆ.

ಚೀಟಿಯಲ್ಲಿ ಇನ್ನೊಂದು ಜಾಣತನವಿದೆ. ಅದರಲ್ಲಿರುವ ಬೈಟುಗಳನ್ನೆಲ್ಲ ಕೂಡಿ ಬಂದ ಮೊತ್ತವನ್ನು ಚೀಟಿಯಲ್ಲೇ ಬರೆದಿಡಲಾಗುತ್ತದೆ. ಬಿಚ್ಚುವಾಗ ಮತ್ತೆ ಕೂಡಿ ತಾಳೆ ನೋಡುವುದು. ಉದಾಹರಣೆಗೆ 12, 7, 30 ಎಂಬ ಮೂರು ಸಂಖ್ಯೆಗಳ ಮೊತ್ತ 49. ದಾರಿಯಲ್ಲಿ 7 ಎಂಬುದು 8 ಆಗಿಬಿಟ್ಟರೆ ಮೊತ್ತ 50 ಆಗಿ ತಪ್ಪು ಸಿಕ್ಕಿಬೀಳುತ್ತದೆ. ಆದರೆ 12 ಮತ್ತು 7 ಪರಸ್ಪರ ಜಾಗ ಬದಲಿಸಿಕೊಂಡರೆ? ಮೊತ್ತ ಆಗಲೂ 49. ತಪ್ಪು ನುಣುಚಿಕೊಳ್ಳುತ್ತದೆ. ಇನ್ನೂ ಮುಖ್ಯವಾದ ಸಂಗತಿ ಎಂದರೆ ಈ ತಾಳೆ ಚೀಟಿಗೆ ಮಾತ್ರ. ಕಡತದ ಒಡಲಿಗೆ ಅಲ್ಲ. ಪೆಟ್ಟಿಗೆಯ ಮೇಲಿನ ಬರಹ ಸರಿಯಿದೆ ಎಂದ ಮಾತ್ರಕ್ಕೆ ಒಳಗಿನ ಗಾಜಿನ ಲೋಟ ಒಡೆದಿಲ್ಲ ಎಂದೇನೂ ಅಲ್ಲವಲ್ಲ!

ಹೊಸ ಸೌಲಭ್ಯಗಳು

ಕೊರತೆಗಳು ಕಂಡಂತೆಲ್ಲ ಸೌಲಭ್ಯಗಳು ಸೇರುತ್ತ ಬಂದವು. 1988ರ ‘ಪೋಸಿಕ್ಸ್’ ಮಾನದಂಡದಲ್ಲಿ ಹೆಸರಿಗೆ ಇನ್ನೂ 155 ಬೈಟುಗಳ ಜಾಗ ದೊರೆಯಿತು. 2001ರ ಮಾನದಂಡದಲ್ಲಿ ‘ಪ್ಯಾಕ್ಸ್’ ಎಂಬ ಹೊಸ ವಿನ್ಯಾಸ ಬಂದು, ಚೀಟಿಯಲ್ಲಿ ಜಾಗ ಸಾಲದಿದ್ದರೆ ಹೆಚ್ಚುವರಿ ಚೀಟಿ ಲಗತ್ತಿಸುವ ವ್ಯವಸ್ಥೆಯಾಯಿತು. ಉದ್ದದ ಕನ್ನಡ ಹೆಸರಿಗೂ 8 ಗಿಗಾಬೈಟ್ ದಾಟಿದ ಕಡತಕ್ಕೂ ಇದರಿಂದ ದಾರಿಯಾಯಿತು.

ಟಾರ್ ಗಂಟು ಕಟ್ಟುತ್ತದೆಯೇ ಹೊರತು ತಾನಾಗಿ ಅದನ್ನು ಕುಗ್ಗಿಸುವುದಿಲ್ಲ. ಹಾಸಿಗೆ ಸುತ್ತಿ ಅದುಮಿ ಕಟ್ಟುವ ಕೆಲಸಕ್ಕೆ ಬೇರೆ ತಂತ್ರಾಂಶಗಳಿವೆ. 1992ರಲ್ಲಿ ‘ಜಿಜಿಪ್’, 1996ರಲ್ಲಿ ‘ಬಿಜಿಪ್-2’, ಆಮೇಲೆ ‘ಎಕ್ಸ್‌ಜೆಡ್’ ಬಂದವು. ಗ್ನೂ ಟಾರ್‌ನ ಬದಲಾವಣೆ ಪಟ್ಟಿ ತೆಗೆದರೆ ಇವು ಒಂದೊಂದಾಗಿ ಸೇರಿಕೊಂಡ ಕತೆ ಕಾಣುತ್ತದೆ. 2004ರ 1.15ನೇ ಆವೃತ್ತಿ, ಗಂಟನ್ನು ಯಾವ ವಿಧಾನದಲ್ಲಿ ಕುಗ್ಗಿಸಲಾಗಿದೆ ಎಂಬುದನ್ನು ಬಿಚ್ಚುವಾಗ ತಾನೇ ಗುರುತಿಸತೊಡಗಿತು. 2009ರ 1.22ನೇ ಆವೃತ್ತಿಗೆ ಎಕ್ಸ್‌ಜೆಡ್ ಬಂತು. 2019ರ 1.31ನೇ ಆವೃತ್ತಿಗೆ ವೇಗಕ್ಕೆ ಹೆಸರಾದ ‘ಜೆಡ್‌ಸ್ಟ್ಯಾಂಡರ್ಡ್’ ಸೇರಿತು.

2014ರ 1.28ನೇ ಆವೃತ್ತಿಯ ಒಂದು ಸೌಲಭ್ಯವಂತೂ ಗೃಹಿಣಿಯರಿಗೆ ಥಟ್ಟನೆ ಅರ್ಥವಾಗುವಂಥದು. ಕೆಲವರು ಗಂಟು ಕಟ್ಟುವಾಗ ಎಲ್ಲವನ್ನೂ ಒಂದು ಕೋಶದೊಳಗೆ ಇಡದೆ ಹಾಗೇ ಸುರಿದಿರುತ್ತಾರೆ. ಅಂಥ ಗಂಟು ಬಿಚ್ಚಿದರೆ ನೂರಾರು ಕಡತಗಳು ಇರುವ ಕಡತಗಳ ನಡುವೆ ಚೆಲ್ಲಾಡುತ್ತವೆ. ಹಜಾರದ ತುಂಬ ಕಡಲೆಕಾಯಿ ಮೂಟೆ ಸುರಿದಂತೆ! ಎಲ್ಲವನ್ನೂ ಒಂದೇ ಹೊಸ ಕೋಶದೊಳಗೆ ಬಿಚ್ಚುವಂತೆ ಹೇಳುವ ಆಯ್ಕೆಯನ್ನು ಈ ಆವೃತ್ತಿ ಒದಗಿಸಿತು.

ರಿಪೇರಿಯ ಕತೆ

ಹೊಸ ಸೌಲಭ್ಯಕ್ಕೆ ಜನ ಚಪ್ಪಾಳೆ ತಟ್ಟುತ್ತಾರೆ. ರಿಪೇರಿಯನ್ನು ಯಾರೂ ಗಮನಿಸುವುದಿಲ್ಲ. ಆದರೆ ಅಪಾಯ ತಪ್ಪಿಸುವುದು ಹೆಚ್ಚಾಗಿ ರಿಪೇರಿಯೇ.

ಚೀಟಿಯಲ್ಲಿರುವ ಹೆಸರು ಬರೀ ಹೆಸರಲ್ಲ, ವಿಳಾಸ ಕೂಡ. ಕಡತವನ್ನು ಯಾವ ಕೋಶದಲ್ಲಿ ಇಡಬೇಕೆಂದು ಅದು ಹೇಳುತ್ತದೆ. ಆ ವಿಳಾಸ ಓರೆಗೆರೆಯಿಂದ ಆರಂಭವಾದರೆ ‘ಗಣಕದ ಹೆಬ್ಬಾಗಿಲಿನಿಂದ ಎಣಿಸಿ’ ಎಂದರ್ಥ. ನಡುವೆ ಎರಡು ಚುಕ್ಕೆ ಬಂದರೆ ‘ಒಂದು ಮೆಟ್ಟಿಲು ಮೇಲಕ್ಕೆ ಹೋಗಿ’ ಎಂದರ್ಥ. ಯಾವನೋ ಕಿಡಿಗೇಡಿ ಗಂಟಿನ ಚೀಟಿಯಲ್ಲಿ ಇಂಥ ಚುಕ್ಕೆಗಳನ್ನು ಸೇರಿಸಿದ ಎಂದಿಟ್ಟುಕೊಳ್ಳೋಣ. ಬಿಚ್ಚುವವನು ‘ಹೋಮ್‌ವರ್ಕ್’ ಕೋಶದಲ್ಲಿ ಕುಳಿತು ಬಿಚ್ಚುತ್ತಾನೆ. ಕಡತ ಮಾತ್ರ ಮೆಟ್ಟಿಲು ಹತ್ತಿ ಪಕ್ಕದ ಕೋಶಕ್ಕೆ ಹೋಗಿ ಅಲ್ಲಿರುವ ಅದೇ ಹೆಸರಿನ ಕಡತವನ್ನು ಅಳಿಸಿ ಕುಳಿತುಕೊಳ್ಳುತ್ತದೆ. ಅಳಿದದ್ದು ವರ್ಷವಿಡೀ ಮಾಡಿದ ಪ್ರಾಜೆಕ್ಟ್ ವರದಿಯೇ ಆಗಿರಬಹುದು.

ಗ್ನೂ ಟಾರ್ ಆರಂಭದ ಓರೆಗೆರೆಯನ್ನು ಕಿತ್ತುಹಾಕಿಯೇ ಬಿಚ್ಚುತ್ತದೆ. ಎರಡು ಚುಕ್ಕೆಗಳಿದ್ದರೆ ಅವೂ ಸೇರಿದಂತೆ ಹಿಂದಿನ ಭಾಗವನ್ನೆಲ್ಲ ಕತ್ತರಿಸಿ ಉಳಿದದ್ದನ್ನು ವಿಳಾಸವಾಗಿ ಬಳಸುತ್ತಿತ್ತು. ಕತ್ತರಿಸಿದರೆ ಕ್ಷೇಮ ಎಂದು ತೋರುತ್ತದೆ. ಆದರೆ ಕತ್ತರಿಸಿದ ಮೇಲೆ ಉಳಿದ ವಿಳಾಸವೇ ಬೇರೆಯಾಗುತ್ತಿತ್ತು! ಬಳಕೆದಾರ ಒಂದು ಕಡತ ಕೇಳಿದರೆ ಇನ್ನಾವುದೋ ಕಡತದ ಮೇಲೆ ಬರೆಯುವಂತೆ ಮಾಡಲು ಇದರಿಂದ ಸಾಧ್ಯವಿತ್ತು. 2016ರಲ್ಲಿ ಈ ದೋಷ ಬೆಳಕಿಗೆ ಬಂತು. 2017ರ ಡಿಸೆಂಬರಿನ 1.30ನೇ ಆವೃತ್ತಿಯಿಂದ, ಚುಕ್ಕೆಗಳಿರುವ ವಿಳಾಸದ ಕಡತವನ್ನು ಬಿಚ್ಚದೆ ಬಿಟ್ಟುಬಿಡಲಾಗುತ್ತದೆ.

ಇದೇ ದೋಷದ ಇನ್ನೊಂದು ರೂಪ ಇನ್ನೂ ದೀರ್ಘ ಕಾಲ ಬದುಕಿತು. ಇಂದು ಅನೇಕ ವಿದ್ಯಾರ್ಥಿಗಳು ಕಲಿಯುವ ‘ಪೈಥಾನ್’ ಭಾಷೆಯಲ್ಲಿ ಟಾರ್ ಗಂಟು ಬಿಚ್ಚುವ ಭಾಗವೊಂದಿದೆ. ಅದರಲ್ಲಿ ಚುಕ್ಕೆಗಳ ದೋಷವಿರುವುದನ್ನು 2007ರಲ್ಲೇ ವರದಿ ಮಾಡಲಾಗಿತ್ತು. ಆಗ ‘ಅಪರಿಚಿತರ ಗಂಟನ್ನು ಪರಿಶೀಲಿಸದೆ ಬಿಚ್ಚಬೇಡಿ’ ಎಂಬ ಎಚ್ಚರಿಕೆಯನ್ನು ಕೈಪಿಡಿಯಲ್ಲಿ ಸೇರಿಸಿ ಸುಮ್ಮನಾದರು. ಕೈಪಿಡಿ ಓದುವವರೆಷ್ಟು ಮಂದಿ? 2022ರಲ್ಲಿ ಟ್ರೆಲಿಕ್ಸ್ ಎಂಬ ಸಂಸ್ಥೆಯ ಸಂಶೋಧಕರು ಇದನ್ನು ಮತ್ತೆ ಎತ್ತಿ ತೋರಿಸಿದರು. 2023ರಲ್ಲಿ ಅಪಾಯಕಾರಿ ವಿಳಾಸಗಳನ್ನು ಸೋಸುವ ಜರಡಿಯೊಂದು ಪೈಥಾನ್‌ಗೆ ಬಂತು. ಯಾರೂ ಕೇಳದಿದ್ದರೂ ಆ ಜರಡಿ ತಾನಾಗಿ ಕೆಲಸ ಮಾಡತೊಡಗಿದ್ದು 2025ರ ಅಕ್ಟೋಬರಿನಲ್ಲಿ ಹೊರಬಂದ 3.14ನೇ ಆವೃತ್ತಿಯಿಂದ. ವರದಿಯಿಂದ ಪೂರ್ಣ ಪರಿಹಾರದವರೆಗೆ ಹದಿನೆಂಟು ವರ್ಷ!

ಇಷ್ಟು ತಡವೇಕೆ ಎಂದು ಪೋಷಕರು ಕೇಳಬಹುದು. ಹಳೆಯ ನಡವಳಿಕೆಯನ್ನು ನಂಬಿಕೊಂಡ ಅಸಂಖ್ಯ ಕಾರ್ಯಕ್ರಮಗಳು ಜಗತ್ತಿನಲ್ಲಿರುತ್ತವೆ. ಬೀಗ ಬದಲಿಸಿದರೆ ಕಳ್ಳ ಮಾತ್ರವಲ್ಲ, ಹಳೆಯ ಕೀಲಿ ಇಟ್ಟುಕೊಂಡ ಮನೆಯವರೂ ಹೊರಗೇ ನಿಲ್ಲಬೇಕಾಗುತ್ತದೆ. ಹಾಗಾಗಿ ರಿಪೇರಿ ಮಾಡುವವರು ಮೊದಲು ಎಲ್ಲರಿಗೂ ಹೊಸ ಕೀಲಿ ಹಂಚಬೇಕು, ಆಮೇಲೆ ಬೀಗ ಬದಲಿಸಬೇಕು.

ಹೊಸತರ ಜೊತೆ ಬಂದ ಹುಳುಕು

ಕಡಲೆಕಾಯಿ ಚೆಲ್ಲದಂತೆ ತಡೆಯುವ 2014ರ ಸೌಲಭ್ಯವನ್ನು ಆಗಲೇ ನೋಡಿದೆವು. 2019ರ ಜನವರಿಯ 1.31ನೇ ಆವೃತ್ತಿಯ ಪಟ್ಟಿ ತೆರೆದರೆ, ಆ ಸೌಲಭ್ಯದ ಜೊತೆಗೇ ಒಳಬಂದ ದೋಷವೊಂದನ್ನು ಸರಿಪಡಿಸಲಾಗಿದೆ ಎಂಬ ಸಾಲು ಕಾಣುತ್ತದೆ. ಸ್ಮೃತಿಕೋಶದಲ್ಲಿ ತನಗೆ ಗೊತ್ತುಮಾಡಿದ ಜಾಗದ ಆಚೆಗೂ ಟಾರ್ ಕೈಚಾಚುತ್ತಿತ್ತು. ಸುರಕ್ಷತೆಗೆಂದು ಸೇರಿಸಿದ ಸೌಲಭ್ಯವೇ ಹುಳುಕು ತಂದಿತು. ಅದು ಹೋಗಲು ನಾಲ್ಕೂವರೆ ವರ್ಷ ಹಿಡಿಯಿತು. ಇದನ್ನು ಮಾಡಿದವರು ದಡ್ಡರಲ್ಲ. ಎಷ್ಟೇ ನುರಿತವರು ಬರೆದರೂ ಹೊಸ ಸಾಲು ಹೊಸ ತಪ್ಪಿಗೆ ಜಾಗ ಕೊಡುತ್ತದೆ. ಮುಚ್ಚಿಡದೆ ಪಟ್ಟಿಯಲ್ಲಿ ಬರೆದು ತಿದ್ದಿಕೊಂಡದ್ದು ಮಕ್ಕಳು ಗಮನಿಸಬೇಕಾದ ನಡತೆ.

2023ರ ಜುಲೈಯಲ್ಲಿ ಹೊರಬಂದ 1.35ನೇ ಆವೃತ್ತಿಯಲ್ಲೂ ಇಂಥದೊಂದು ರಿಪೇರಿ ಇದೆ. ಹಳೆಯ ವಿನ್ಯಾಸದ ಗಂಟಿನಲ್ಲಿ, ದಿನಾಂಕ ಇರಬೇಕಾದ ಜಾಗದಲ್ಲಿ ಬರೀ ಖಾಲಿ ಅಕ್ಷರಗಳಿದ್ದರೆ ಟಾರ್ ಗಡಿ ದಾಟಿ ಓದುತ್ತಿತ್ತು. ಅದೂ ನೆಟ್ಟಗಾಯಿತು. ಉತ್ತರ ಪತ್ರಿಕೆಯಲ್ಲಿ ವಿದ್ಯಾರ್ಥಿ ಏನೂ ಬರೆಯದೆ ಬಿಟ್ಟ ಜಾಗ ಪರೀಕ್ಷಕನನ್ನು ಗಲಿಬಿಲಿಗೊಳಿಸಿದ ಹಾಗೆ ಇದು!

ಅರ್ಧ ಸೆಕೆಂಡಿನ ಅನುಮಾನ

ಇಲ್ಲಿಯವರೆಗಿನ ದೋಷಗಳು ಅರಿಯದೆ ಆದವು. ಬೇಕೆಂದೇ ದೋಷ ಹೂತಿಟ್ಟರೆ? 2024ರಲ್ಲಿ ಅದೂ ಆಯಿತು.

ಗಂಟು ಕುಗ್ಗಿಸುವ ಎಕ್ಸ್‌ಜೆಡ್ ತಂತ್ರಾಂಶವನ್ನು ಫಿನ್ಲೆಂಡಿನ ಲಾಸೆ ಕಾಲಿನ್ ಎಂಬುವರು ಸಂಬಳವಿಲ್ಲದೆ, ಹೆಚ್ಚಾಗಿ ಒಬ್ಬರೇ ವರ್ಷಗಟ್ಟಲೆ ನೋಡಿಕೊಂಡು ಬಂದಿದ್ದರು. 2021ರಿಂದ ‘ಜಿಯಾ ಟಾನ್’ ಎಂಬ ಹೆಸರಿನಲ್ಲಿ ಯಾರೋ ನೆರವಿಗೆ ಬಂದರು. ಸಣ್ಣಪುಟ್ಟ ರಿಪೇರಿ ಮಾಡಿಕೊಡುತ್ತ ವಿಶ್ವಾಸ ಗಳಿಸಿ, ಕಡೆಗೆ ಹೊಸ ಆವೃತ್ತಿ ಹೊರಡಿಸುವ ಅಧಿಕಾರವನ್ನೂ ಪಡೆದರು. 2024ರ ಫೆಬ್ರುವರಿ ಮತ್ತು ಮಾರ್ಚ್‌ನಲ್ಲಿ ಬಂದ 5.6.0 ಮತ್ತು 5.6.1ನೇ ಆವೃತ್ತಿಗಳಲ್ಲಿ ಒಂದು ಗುಪ್ತ ಬಾಗಿಲು ಇತ್ತು. ದೂರದಿಂದ ಗಣಕದೊಳಗೆ ಪ್ರವೇಶ ಕೊಡುವ ‘ಎಸ್‌ಎಸ್‌ಎಚ್’ ಎಂಬ ದ್ವಾರಪಾಲಕನನ್ನೇ ಅದು ವಶಪಡಿಸಿಕೊಳ್ಳುವಂತಿತ್ತು.

ಅಡಗಿಸಿದ ಬಗೆ ನೋಡಿ. ಈ ತಂತ್ರಾಂಶದ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು. ಕುತಂತ್ರದ ತಿರುಳನ್ನು ಪರೀಕ್ಷೆಗೆಂದು ಇಟ್ಟ ‘ಕೆಟ್ಟ ಮಾದರಿ’ ಕಡತಗಳಲ್ಲಿ ಬಚ್ಚಿಡಲಾಗಿತ್ತು. ಅದನ್ನು ಎಬ್ಬಿಸುವ ಪುಟ್ಟ ಬರಹ ಎಲ್ಲರೂ ಓದುವ ಮೂಲದಲ್ಲಿ ಇರಲಿಲ್ಲ. ಹಂಚಲೆಂದು ಕಟ್ಟಿದ ಟಾರ್ ಗಂಟಿನಲ್ಲಿ ಮಾತ್ರ ಇತ್ತು! ಅಂಗಡಿಯಲ್ಲಿ ತೋರಿಸಿದ ಅಕ್ಕಿ ಒಂದು, ಚೀಲದಲ್ಲಿ ಕಟ್ಟಿಕೊಟ್ಟದ್ದು ಇನ್ನೊಂದು ಎನ್ನುವಂತೆ.

ಇದನ್ನು ಹಿಡಿದವರು ಮೈಕ್ರೊಸಾಫ್ಟ್‌ನಲ್ಲಿ ಕೆಲಸ ಮಾಡುವ ಆಂಡ್ರೆಸ್ ಫ್ರಾಯಿಂಡ್. ಅವರು ಹುಡುಕುತ್ತಿದ್ದುದು ಕಳ್ಳನನ್ನಲ್ಲ. ‘ಪೋಸ್ಟ್‌ಗ್ರೆಸ್’ ಎಂಬ ದತ್ತಸಂಚಯ ತಂತ್ರಾಂಶದ ವೇಗ ಅಳೆಯುತ್ತಿದ್ದರು. ಆಗ ಎಸ್‌ಎಸ್‌ಎಚ್ ಅಗತ್ಯಕ್ಕಿಂತ ಹೆಚ್ಚು ದುಡಿಯುತ್ತಿರುವುದು ಕಣ್ಣಿಗೆ ಬಿತ್ತು. ಮೊದಲು ಸುಮಾರು 0.3 ಸೆಕೆಂಡಿನಲ್ಲಿ ಮುಗಿಯುತ್ತಿದ್ದುದಕ್ಕೆ ಈಗ 0.8 ಸೆಕೆಂಡು. ಅರ್ಧ ಸೆಕೆಂಡು, ಅಂದರೆ ಕಣ್ಣು ಮಿಟುಕಿಸಿ ತೆರೆಯುವಷ್ಟು ಹೊತ್ತು! ‘ಇರಲಿ ಬಿಡು’ ಎನ್ನದೆ ಅವರು ಬೆನ್ನು ಹತ್ತಿದರು. 2024ರ ಮಾರ್ಚ್ 29ರಂದು ವಿಷಯ ಬಹಿರಂಗಪಡಿಸಿದರು. ಆ ವೇಳೆಗೆ ದೋಷಯುಕ್ತ ಆವೃತ್ತಿ ಕೆಲವು ಲಿನಕ್ಸ್‌ಗಳ ಪರೀಕ್ಷಾರ್ಥ ರೂಪಗಳನ್ನು ಸೇರಿತ್ತು. ಡೆಬಿಯನ್‌ನಂಥ ಪ್ರಮುಖ ಲಿನಕ್ಸ್‌ಗಳ ಸ್ಥಿರ ರೂಪವನ್ನು ಇನ್ನೂ ತಲುಪಿರಲಿಲ್ಲ. ಮೇ 29ರಂದು ಗುಪ್ತ ಬಾಗಿಲಿಲ್ಲದ 5.6.2ನೇ ಆವೃತ್ತಿ ಬಂತು.

ಪ್ರಯೋಗಾಲಯದಲ್ಲಿ ಲೋಲಕದ ಆಂದೋಲನ ಎಣಿಸುವಾಗ ‘ದಶಮಾಂಶದ ನಂತರದ್ದು ಏಕೆ ಬರೆಯಬೇಕು?’ ಎಂದು ಕೇಳುವ ಮಕ್ಕಳಿರುತ್ತಾರೆ. ಅಳತೆ ಬರೆದಿಟ್ಟುಕೊಂಡವರಿಗೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಅವರಿಗೆ ಈ ಅರ್ಧ ಸೆಕೆಂಡಿನ ಕತೆ ಹೇಳಬಹುದು.

ಮನೆಯಲ್ಲಿ ಏನು ಮಾಡಬೇಕು?

ಇಂಥ ಒಂದು ಘಟನೆ ಕೇಳಿ ‘ಅಪ್‌ಡೇಟೇ ಬೇಡ’ ಎಂದು ತೀರ್ಮಾನಿಸುವುದು ಸರಿಯಲ್ಲ. ಒಂದು ಅಂಗಡಿಯ ಔಷಧಿ ಕಲಬೆರಕೆಯಾಯಿತೆಂದು ಔಷಧಿಯನ್ನೇ ಬಿಡುವುದಿಲ್ಲವಷ್ಟೆ. ‘ಡೇಟಾ ಖರ್ಚಾಗುತ್ತದೆ’ ಎಂದು ರಿಪೇರಿಗಳನ್ನು ತಿಂಗಳುಗಟ್ಟಲೆ ಮುಂದೂಡುವ ಮನೆಗಳಿವೆ. ತಿಳಿದಿರುವ ದೋಷವನ್ನು ತೆರೆದಿಟ್ಟುಕೊಂಡು ಕೂರುವುದಕ್ಕಿಂತ ಆ ಖರ್ಚು ಲೇಸು. ಆದರೆ ಅಪ್‌ಡೇಟ್ ಅಧಿಕೃತ ಮೂಲದಿಂದಲೇ ಬರಬೇಕು. ಗೆಳೆಯ ಕಳಿಸಿದ ಕೊಂಡಿಯಿಂದ ಅಲ್ಲ.

ಟಾರ್ ಬಳಸುವ ವಿದ್ಯಾರ್ಥಿಗಳಿಗೆ ನಾಲ್ಕು ಕಿವಿಮಾತು. ಒಂದು, ಗಂಟು ಬಿಚ್ಚುವ ಮೊದಲು ‘ಟಿ’ ಬಳಸಿ ಪಟ್ಟಿ ನೋಡುವುದು. ಎರಡು, ಬಿಚ್ಚುವುದು ಯಾವಾಗಲೂ ಹೊಸ ಖಾಲಿ ಕೋಶದಲ್ಲಿ. ಮೂರು, ಕಟ್ಟುವಾಗ ಮೊದಲು ಗಂಟಿನ ಹೆಸರು, ಆಮೇಲೆ ಕಡತಗಳ ಹೆಸರು. ಗಂಟಿನ ಹೆಸರು ಮರೆತರೆ ಮೊದಲ ಕಡತವನ್ನೇ ಗಂಟೆಂದು ಭಾವಿಸಿ ಟಾರ್ ಅದರ ಮೇಲೆ ಬರೆದುಬಿಡುತ್ತದೆ! ಒಂದೇ ಹೆಸರು ಕೊಟ್ಟರೆ ಮಾತ್ರ ಗ್ನೂ ಟಾರ್ ‘ಖಾಲಿ ಗಂಟು ಕಟ್ಟಲು ಹೇಡಿಯಂತೆ ನಿರಾಕರಿಸುತ್ತಿದ್ದೇನೆ’ ಎಂಬ ಅರ್ಥದ ಸಂದೇಶ ಕೊಟ್ಟು ಹಿಂದೆ ಸರಿಯುತ್ತದೆ. ಆ ಹೇಡಿತನ ಎಷ್ಟು ಜನರ ಕಡತ ಉಳಿಸಿದೆಯೋ! ನಾಲ್ಕು, ಗಂಟನ್ನು ಜಿಜಿಪ್‌ನಿಂದ ಕುಗ್ಗಿಸಿದರೆ ಒಡಲಿನ ತಾಳೆ ನೋಡುವ ವ್ಯವಸ್ಥೆಯೂ ಜೊತೆಗೆ ಬರುತ್ತದೆ. ಆದರೂ ಕಟ್ಟಿಟ್ಟ ಗಂಟನ್ನು ಒಮ್ಮೆ ಬಿಚ್ಚಿ ನೋಡಿದ ಮೇಲೆಯೇ ಮೂಲ ಕಡತ ಅಳಿಸಬೇಕು.

ಮಾಡಿ ನೋಡಿ

ಟಾರ್ ಚೀಟಿಯಲ್ಲಿ ದಿನಾಂಕಕ್ಕೂ 11 ಅಷ್ಟಮಾನ ಅಂಕಿಗಳಿವೆ. 1970ರ ಜನವರಿ 1ರಿಂದ ಎಷ್ಟು ಸೆಕೆಂಡು ಕಳೆದಿವೆ ಎಂಬುದನ್ನು ಅಲ್ಲಿ ಬರೆಯಲಾಗುತ್ತದೆ. 8ರ 11ನೇ ಘಾತವನ್ನು ಒಂದು ವರ್ಷದ ಸೆಕೆಂಡುಗಳಿಂದ ಭಾಗಿಸಿದರೆ ಸುಮಾರು 272 ವರ್ಷ ಬರುತ್ತದೆ. ಅಂದರೆ ಚೀಟಿಯ ದಿನಾಂಕ 2242ರವರೆಗೆ ಸಾಲುತ್ತದೆ. ಆದರೆ ಹಳೆಯ 32 ಬಿಟ್ ಗಣಕಗಳು ಇದೇ ಎಣಿಕೆಯನ್ನು 2ರ 31ನೇ ಘಾತದ ಆಚೆಗೆ ಒಯ್ಯಲಾರವು. ಅವುಗಳ ಲೆಕ್ಕ ಯಾವ ವರ್ಷ, ಯಾವ ತಿಂಗಳು ಮುಗಿಯುತ್ತದೆ? ಕಾಗದ, ಪೆನ್ಸಿಲ್ ಹಿಡಿದು ಕೂತರೆ ಹತ್ತು ನಿಮಿಷದ ಕೆಲಸ. ಉತ್ತರ 2038ರ ಜನವರಿ ಎಂದು ಬಂದರೆ ಲೆಕ್ಕ ಸರಿ. ಗ್ನೂ ಟಾರ್ 1.35 ಇದಕ್ಕೆ ಈಗಿನಿಂದಲೇ ಸಜ್ಜಾಗಿದೆ. 64 ಬಿಟ್ ಕಾಲಗಣನೆಗೆ ಅವಕಾಶವಿರುವ ಗಣಕದಲ್ಲಿ ಯಾರಾದರೂ ಹಳೆಯ 32 ಬಿಟ್ ಎಣಿಕೆ ಇಟ್ಟುಕೊಂಡು ಅದನ್ನು ಸಿದ್ಧಪಡಿಸಲು ಹೊರಟರೆ ಅದು ಒಪ್ಪುವುದಿಲ್ಲ. ಇಂದು ಹತ್ತನೇ ತರಗತಿಯಲ್ಲಿ ಓದುತ್ತಿರುವವರು ಆ ಹೊತ್ತಿಗೆ ಕೆಲಸಕ್ಕೆ ಸೇರಿ ಕೆಲವು ವರ್ಷಗಳಾಗಿರುತ್ತವೆ. ಉಳಿದ ರಿಪೇರಿಗಳು ಅವರ ಪಾಲಿಗೆ ಬರಲಿವೆ.